ಜೂನ್‌ನಲ್ಲಿ ಗಿಡದ ಫೋಟೊ, ಜಾತ್ರೆ ಕಾಲದಲ್ಲಿ ಕೆರೆ ಕೆಲಸ

ಜೂನ್ 5 ಬಂತು ಅಂದ್ರೆ ನಮ್ಮ ಕಡೆ ಒಂದು ನೋಟ ಖಾಯಂ. ಕೆರೆ ಏರಿ ಪಕ್ಕ ಶಾಮಿಯಾನ, ಸ್ಕೂಲ್ ಮಕ್ಕಳ ಜಾಥಾ, ಬ್ಯಾನರು, ಒಂದು ಗಿಡಕ್ಕೆ ಹತ್ತು ಕೈ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಎಲ್ಲಿ ಹೋದ್ರೂ ಇದೇ. ಮಾಡೋರ ಮನಸ್ಸಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು ತಾರೀಕಿನ ಬಗ್ಗೆ.

ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಬೀಳೋ ಮಳೆ ಸುಮಾರು 700 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಉತ್ತೆ, ಹಸ್ತ, ಚಿತ್ತೆ ಮಳೆಯದ್ದು, ಅಂದ್ರೆ ಸೆಪ್ಟೆಂಬರ್, ಅಕ್ಟೋಬರ್. ಮೇ ತಿಂಗಳಲ್ಲೂ ಒಂದಷ್ಟು ಹುಯ್ತದೆ. ಜೂನ್, ಜುಲೈನಲ್ಲಿ ಮಲೆನಾಡಿಗೆ ಮಳೆ, ನಮಗೆ ಬರೀ ಮೋಡ, ಗಾಳಿ. 2025ರಲ್ಲಿ ಜೂನ್ ತಿಂಗಳಲ್ಲೇ ಕನ್ನಂಬಾಡಿ ತುಂಬಿ 30ನೇ ತಾರೀಕು ಮುಖ್ಯಮಂತ್ರಿ ಬಾಗಿನ ಬಿಟ್ರು. ಕಟ್ಟೆ ತುಂಬಿದ್ದು ಮೇಲಿನ ಸೀಮೆ ಮಳೆಗೆ. ನಾಗಮಂಗಲದ ಹಳ್ಳಿ ಕೆರೆ ತುಂಬೋ ಲೆಕ್ಕವೇ ಬೇರೆ. ಜೂನ್ 5ಕ್ಕೆ ನೆಟ್ಟ ಗಿಡ ಬದುಕಬೇಕಾದ್ರೆ ಎರಡು ತಿಂಗಳು ಯಾರಾದ್ರೂ ಕೊಡದಲ್ಲಿ ನೀರು ಹೊರಬೇಕು. ಫೋಟೊದಲ್ಲಿರೋ ಹತ್ತು ಕೈಲಿ ಒಂದು ಕೈ ಆದ್ರೂ ಕೊಡ ಎತ್ತೀತಾ?

ಇನ್ನು ಗಿಡಕ್ಕಿಂತ ಮೊದಲು ಕೆರೆ. ಕೆರೆ ಕೆಲಸ ಆಗೋದು ಅಂಗಳ ಒಣಗಿದಾಗ, ಮಾಘ–ಫಾಲ್ಗುಣದಲ್ಲಿ. ಅಷ್ಟೊತ್ತಿಗೆ ರಾಗಿ ಕಣ ಮುಗಿದಿರ್ತದೆ, ಟ್ರ್ಯಾಕ್ಟರ್ ಖಾಲಿ ನಿಂತಿರ್ತದೆ, ಗೋಡು ಹೊಲಕ್ಕೆ ಹೊಡೀಬಹುದು. ತೂಬು ಎಲ್ಲಿ ಸೋರ್ತದೆ, ಕೋಡಿ ಎಲ್ಲಿ ಕಿತ್ತಿದೆ ನೋಡಬಹುದು. ಕೆರೆಗೆ ನೀರು ತರೋ ಹಳ್ಳ ಯಾರ ಹೊಲದ ಬದುವಿನ ಕೆಳಗೆ ಮಾಯ ಆಗಿದೆ ಅನ್ನೋದೂ ಕಣ್ಣಿಗೆ ಹೊಡೀತದೆ. (ಹೂಳು ತೆಗೆಸಿ ಹಳ್ಳ ಬಿಟ್ರೆ ಏನು ಬಂತು? ಬಾನಿ ತೊಳೆದು ನಲ್ಲಿ ಕಟ್ಟಿದ ಹಾಗೆ.)

ಈಗ ಪಂಚಾಂಗ ತೆಗೆದು ನೋಡಿ. ನಮ್ಮ ದೊಡ್ಡ ಜಾತ್ರೆಗಳು ಬರೋದೂ ಹೆಚ್ಚುಕಮ್ಮಿ ಇದೇ ಕಾಲದಲ್ಲಿ. ನಡೆಯೋ ಜಾಗಗಳೂ ಎಂಥವು ಅಂತೀರಿ! ಕೆ.ಆರ್.ಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆ ರಥಸಪ್ತಮಿ ಹೊತ್ತಿಗೆ, ಹೇಮಾವತಿ ದಡದಲ್ಲಿ. ನಾಗಮಂಗಲದ ಚುಂಚನಗಿರಿ ಜಾತ್ರೆ ಫಾಲ್ಗುಣದಲ್ಲಿ, 1981ರಿಂದ ನವಿಲುಧಾಮ ಆಗಿರೋ ಬೆಟ್ಟದಲ್ಲಿ. ಆ ಧಾಮ ಒಂದು ಚದರ ಕಿಲೋಮೀಟರಿಗೂ ಕಮ್ಮಿ, ಒಂದು ಬೆಂಕಿ ಸಾಕು. ಮೇಲುಕೋಟೆ ವೈರಮುಡಿಗೆ ಜನಸಾಗರ ಹತ್ತೋ ಬೆಟ್ಟದ ಸುತ್ತ ಇರೋದು ತೋಳಕ್ಕೆ ಅಂತ 1974ರಲ್ಲಿ ಕಾಯ್ದಿಟ್ಟ ಕಾಡು, ಸುಮಾರು 50 ಚದರ ಕಿಲೋಮೀಟರ್. ವೈರಮುಡಿ ಬರೋ ಹೊತ್ತಿಗೆ ಅಲ್ಲಿ ಹುಲ್ಲು ಬೀಡಿ ತುಂಡಿಗೆ ಕಾಯ್ತಿರ್ತದೆ. ಶ್ರೀರಂಗಪಟ್ಟಣದ ಹತ್ರ ಕರಿಘಟ್ಟದ ಬುಡದಲ್ಲಿ ಲೋಕಪಾವನಿ ಕಾವೇರಿಗೆ ಸೇರ್ತಾಳೆ. ಹುಟ್ಟೋದು ನಾಗಮಂಗಲದಲ್ಲಿ, ಪಾಂಡವಪುರ ದಾಟಿ ಬರ್ತಾಳೆ. ಮೇಲಿನೋರು ಏನು ಬಿಡ್ತಾರೋ ಕೆಳಗಿನೋರಿಗೆ ಅದೇ ತೀರ್ಥ.

ಎಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸೋದು ಪಾಂಡವಪುರದ ಬೇಬಿಬೆಟ್ಟ. ಶಿವರಾತ್ರಿ ಆಸುಪಾಸಿನಲ್ಲಿ ಅಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಹೋರಿ, ಎತ್ತು ಕಟ್ಟಿಕೊಂಡು ರೈತರು ದಿನಗಟ್ಟಲೆ ಅಲ್ಲೇ ಉಳೀತಾರೆ. ಅದೇ ಬೆಟ್ಟದ ಕಡೆ ಅಮೃತಮಹಲ್ ಕಾವಲು, ದನ ಮೇಯೋಕೆ ಅಂತ ಬಿಟ್ಟ ಜಾಗ. ಅದೇ ಬೆಟ್ಟದಲ್ಲಿ ವರ್ಷಗಟ್ಟಲೆ ಕಲ್ಲು ಸಿಡಿಸಿದ್ರು. ಕನ್ನಂಬಾಡಿ ಕಟ್ಟೆಗೆ ಅಪಾಯ ಅಂತ ರೈತ ಸಂಘದವರು ಬೀದಿಗಿಳಿದ್ರು, ವಿಷಯ ಹೈಕೋರ್ಟಿಗೆ ಹೋಯ್ತು, 2024ರ ಜನವರಿಯಲ್ಲಿ ಕಟ್ಟೆಯಿಂದ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ನಿಲ್ಲಿಸಿ ಅಂತ ಆದೇಶ ಬಂತು, ಅಣೆಕಟ್ಟೆ ಸುರಕ್ಷತೆಯ ಅಧ್ಯಯನ ಮುಗಿಯೋ ತನಕ. ‘ಮುಗಿಯೋ ತನಕ’ ಅನ್ನೋ ಮಾತನ್ನ ಇನ್ನೊಂದು ಸಲ ಓದಿಕೊಳ್ಳಿ. ಆಮೇಲೆ ಅದೇ ವರ್ಷ ಪರೀಕ್ಷಾ ಸ್ಫೋಟ ಮಾಡ್ತೀವಿ ಅಂತ ಹೊರಟಾಗಲೂ ಅಡ್ಡ ನಿಂತೋರು ರೈತರೇ. ಅಂಥ ಬೆಟ್ಟದ ಬುಡದಲ್ಲಿ ವರ್ಷಕ್ಕೊಂದು ಸಲ ಇಷ್ಟು ದನ, ಇಷ್ಟು ಜನ ಸೇರ್ತೀವಿ. ಹಲ್ಲು ಎಣಿಸ್ತೀವಿ, ರೇಟು ಕೇಳ್ತೀವಿ, ಪ್ರಶಸ್ತಿ ಕೊಡ್ತೀವಿ. ದನ ಮೇಯೋಕೆ ಎಷ್ಟು ಎಕರೆ ಉಳಿದಿದೆ ಅಂತ ಮಾತ್ರ ಕೇಳಲ್ಲ.

ಜಾತ್ರೆಗೆ ಬರೋರು ಭಾಷಣ ಕೇಳಲ್ಲ ಕಣಪ್ಪ ಅಂತೀರಿ. ಹೌದು, ಕೇಳಲೂಬಾರದು. ಮೈಕು ಬೇಡ. ಗ್ರಾಮ ಪಂಚಾಯ್ತಿಯೋರು ಒಂದು ಪೆಂಡಾಲಿನಲ್ಲಿ ಸುತ್ತಲ ಊರುಗಳ ಕೆರೆ ನಕ್ಷೆ ಹರಡಿ ಕೂರಲಿ. ಕಾವಲಿನ ಸರ್ವೆ ನಕ್ಷೆ ಪಕ್ಕದಲ್ಲಿರಲಿ. ನಮ್ಮ ರೈತನಿಗೆ ನಕ್ಷೆ ತೋರಿಸಿದ್ರೆ ಸಾಕು, ಮೊದಲು ತನ್ನ ಹೊಲ ಹುಡುಕ್ತಾನೆ, ಆಮೇಲೆ ಪಕ್ಕದೋನ ಒತ್ತುವರಿ ಹುಡುಕ್ತಾನೆ! ಜಗಳ ಆಗ್ತದೆ, ಆಗಲಿ. ಜಗಳ ಆಗದೆ ಯಾವ ಹಳ್ಳ ಬಿಡಿಸಿದ್ದೀವಿ?

ಜಾತ್ರೆಯಿಂದಲೇ ಗಲೀಜು ಅನ್ನೋ ಮಾತನ್ನೂ ಒಪ್ತೀನಿ. ತೇರು ಮುಗಿದ ಮಾರನೇ ದಿನ ಹೊಳೆ ದಡ ನೋಡೋಕಾಗಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಜಾತ್ರೆಯೇ ಬೇಕಿಲ್ಲ, ಅಸ್ಥಿ ಬಿಟ್ಟೋರು ಸತ್ತೋರ ಬಟ್ಟೆನೂ ಅಲ್ಲೇ ಬಿಟ್ಟು ಹೋಗ್ತಾರೆ. ಇದನ್ನ ಹೊರಗಿಂದ ಬಂದ ಸ್ವಯಂಸೇವಕರು ವರ್ಷಕ್ಕೊಮ್ಮೆ ಎತ್ತಿದ್ರೆ ಸಾಲದು. ಜಾತ್ರೆ ಅಂಗಡಿ ಹರಾಜು ಹಾಕುವಾಗಲೇ ಷರತ್ತು ಬರೀಲಿ: ಪ್ಲಾಸ್ಟಿಕ್ ಮಾರಂಗಿಲ್ಲ, ಹೋಗುವಾಗ ಜಾಗ ಗುಡಿಸಿಕೊಡಬೇಕು, ಇಲ್ದಿದ್ರೆ ಠೇವಣಿ ವಾಪಸ್ ಇಲ್ಲ. ದುಡ್ಡು ಹಿಡಿದ್ರೆ ಕಸ ತಾನಾಗೇ ಎದ್ದೇಳ್ತದೆ.

ಸಣ್ಣ ಕೆರೆಗಳ ಉಸ್ತುವಾರಿ ಯಾರದ್ದು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ, ಹೇಳಿಬಿಡ್ತೀನಿ. 40 ಹೆಕ್ಟೇರಿಗಿಂತ ಕಮ್ಮಿ ಅಚ್ಚುಕಟ್ಟು ಇರೋ ಕೆರೆ ಪಂಚಾಯತ್‌ರಾಜ್ ಕಡೆಗೆ, ಅದಕ್ಕಿಂತ ದೊಡ್ಡದಾದ್ರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ. ಅರ್ಜಿ ಕೊಡೋಕೆ ಮುಂಚೆ ನಿಮ್ಮೂರ ಕೆರೆ ಯಾವ ಲೆಕ್ಕಕ್ಕೆ ಬರ್ತದೆ ಅಂತ ಕೇಳಿಕೊಳ್ಳಿ, ಇಲ್ದಿದ್ರೆ ಆ ಟೇಬಲ್ಲಿಂದ ಈ ಟೇಬಲ್ಲಿಗೆ ಅಲೆದು ಬೇಸಿಗೆ ಮುಗಿದೋಗ್ತದೆ.

ಹೇಮಗಿರಿಗೋ ಬೇಬಿಬೆಟ್ಟಕ್ಕೋ ಈ ಸಲ ಎತ್ತು ಕಟ್ಟೋರಿದ್ರೆ, ಹೊರಡೋ ಮೊದಲು ಅರ್ಧ ದಿನ ನಿಮ್ಮೂರ ಕೆರೆಯಿಂದ ಹಳ್ಳ ಹಿಡಿದು ಮೇಲಕ್ಕೆ ನಡೆದು ಬನ್ನಿ. ನೀರು ಎಲ್ಲಿ ನಿಂತುಹೋಗಿದೆ ಅಂತ ಒಂದು ಚೀಟಿಯಲ್ಲಿ ಬರ್ಕೊಂಡು ಜೇಬಲ್ಲಿಟ್ಕೊಳ್ಳಿ. ಪಕ್ಕದೂರಿನೋರು ಅಲ್ಲೇ ಸಿಗ್ತಾರೆ.