ಗೊರಕೆ ಅಂದ್ರೆ ನಗು ಯಾಕೆ ಬರುತ್ತೆ?

ಮೊನ್ನೆ ರಾತ್ರಿ ತಾಳಗುಪ್ಪ-ಮೈಸೂರು ರೈಲಿನಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟಿದ್ದೆ. ಭದ್ರಾವತಿ ದಾಟುವಷ್ಟರಲ್ಲಿ ಕೆಳಗಿನ ಬರ್ತಿನ ಯಜಮಾನರು ಗೊರಕೆ ಶುರು ಮಾಡಿದರು. ಎದುರಿಗಿದ್ದ ಕಾಲೇಜು ಹುಡುಗರು ಅದನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಸುಳ್ಳು ಯಾಕೆ ಹೇಳಲಿ, ನನಗೂ ನಗು ಬಂತು. ಇದ್ದಕ್ಕಿದ್ದಂತೆ ಗೊರಕೆ ನಿಂತಿತು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ... ಹದಿನೆಂಟಕ್ಕೆ ಬಂದಾಗ ಅವರು ನೀರಲ್ಲಿ ಮುಳುಗಿ ಎದ್ದವರ ಹಾಗೆ 'ಹ್ಹಾ' ಅಂತ ಉಸಿರೆಳೆದುಕೊಂಡರು. ಹುಡುಗರು ಇನ್ನೂ ಜೋರಾಗಿ ನಕ್ಕರು. ನನ್ನ ನಗು ಮಾತ್ರ ಅಲ್ಲಿಗೇ ನಿಂತಿತ್ತು.

ಹೀಗೆ ಎಣಿಸುವ ಚಾಳಿ ನನಗೆ ಬಂದಿದ್ದು ಭದ್ರಾವತಿಯ ದೊಡ್ಡಮ್ಮನಿಂದ. 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ ಊರು ಅದು, ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಊರಿಗೆ ಊರೇ ಪಾಳಿ ಲೆಕ್ಕದಲ್ಲಿ ಮಲಗಿ ಏಳುತ್ತಿತ್ತು. ದೊಡ್ಡಪ್ಪ ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಅವರ ಗೊರಕೆ ಪಕ್ಕದ ಕ್ವಾರ್ಟರ್ಸಿಗೂ ಕೇಳುತ್ತಿತ್ತು. ರಜಕ್ಕೆ ಹೋದ ನಾವು ಮಕ್ಕಳೆಲ್ಲ ಕುಂಭಕರ್ಣ ಅಂತ ಅಡ್ಡಹೆಸರಿಟ್ಟು ಅಣಕಿಸುತ್ತಿದ್ದೆವು. "ದುಡಿದು ಬಂದಿರೋರು, ಸುಖವಾಗಿ ನಿದ್ದೆ ಮಾಡ್ಲಿ ಬಿಡ್ರೋ" ಅನ್ನುತ್ತಿದ್ದರು ಅಜ್ಜಿ. ದೊಡ್ಡಮ್ಮ ಮಾತ್ರ ನಗುತ್ತಿರಲಿಲ್ಲ. "ಮಧ್ಯ ಮಧ್ಯ ಉಸಿರೇ ನಿಂತೋಗುತ್ತೆ ಕಣೋ, ನಾನು ಎಣಿಸ್ತಾ ಕೂತಿರ್ತೀನಿ" ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಆಗ ಅದೂ ನಮಗೆ ತಮಾಷೆಯೇ!

ಗೊರಕೆ ಸುಖನಿದ್ದೆಯ ಲಕ್ಷಣ ಅನ್ನೋದು ನಮ್ಮ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ದಾರಿ ಕಿರಿದಾಗುತ್ತೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಕಿರುನಾಲಿಗೆ, ಮೆತ್ತನೆಯ ಅಂಗುಳ ಎಲ್ಲ ಅದುರುತ್ತವೆ. ಸದ್ದು ಅದರದ್ದೇ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುತ್ತೆ. ಕುತ್ತಿಗೆಯ ಸುತ್ತ ಬೊಜ್ಜು ಸೇರಿದರೆ ದಾರಿ ಇನ್ನೂ ಇಕ್ಕಟ್ಟು. ಮಲಗುವ ಮುಂಚೆ ಒಂದು ಪೆಗ್ ಹಾಕಿದರೆ, ನಿದ್ದೆ ಮಾತ್ರೆ ನುಂಗಿದರೆ ಸ್ನಾಯು ಮತ್ತಷ್ಟು ಸಡಿಲ. ನಿದ್ದೆಗೆಟ್ಟವರಿಗೂ ಹಾಗೇ, ಪಾಳಿ ಕೆಲಸದವರ ಕಥೆ ಕೇಳಬೇಕೆ? ಸಿಗರೇಟು, ಮೂಗಿನೊಳಗಿನ ವಕ್ರ ಗೋಡೆ, ಥೈರಾಯ್ಡ್ ಕೊರತೆ ಕೂಡ ಪಟ್ಟಿಯಲ್ಲಿವೆ. ನಮ್ಮ ಮಳೆಗಾಲದಲ್ಲಿ ಗೋಡೆಯೆಲ್ಲ ಬೂಷ್ಟು ಹಿಡಿದು, ಅಲರ್ಜಿ ಇರುವವರ ಮೂಗು ಕಟ್ಟಿದರೆ ಆಮೇಲೆ ಬಾಯಲ್ಲೇ ಉಸಿರು.

ಗೊರಕೆ ಹೊಡೆಯೋರಿಗೆಲ್ಲ ಕಾಯಿಲೆ ಅಂತ ಹೆದರಿಸುತ್ತಿಲ್ಲ. ಆದರೆ ದಾರಿ ಪೂರ್ತಿ ಮುಚ್ಚಿ ಹತ್ತು ಸೆಕೆಂಡಾದರೂ ಉಸಿರು ನಿಂತರೆ ಅದನ್ನ ಆಪ್ನಿಯಾ ಅಂತ ಲೆಕ್ಕ ಹಾಕುತ್ತಾರೆ. ಗಂಟೆಗೆ 30 ಅಥವಾ ಅದಕ್ಕಿಂತ ಹೆಚ್ಚು ಸಲ ಹೀಗೆ ಉಸಿರಾಟಕ್ಕೆ ತಡೆಯಾದರೆ ತೀವ್ರ ಅಂತ. ರಕ್ತದೊತ್ತಡ, ಹೃದಯದ ತೊಂದರೆ, ಹಗಲಲ್ಲಿ ತೂಕಡಿಕೆ ಎಲ್ಲ ಇದರ ಜೊತೆಗಾರರು. 2022ರ ಫೆಬ್ರವರಿಯಲ್ಲಿ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣದಲ್ಲಿ ಇದರ ಹೆಸರೂ ಇತ್ತು.

ನನಗೆ ಹೆಚ್ಚು ಸಿಟ್ಟು ಬರೋದು ಎರಡು ವಿಷಯಕ್ಕೆ. ಒಂದು, ಮಕ್ಕಳು ಗೊರಕೆ ಹೊಡೆದರೆ ಮುದ್ದು ಮಾಡೋದು. ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡಿರಬಹುದು ಸ್ವಾಮಿ, ದಿನಾ ಗೊರಕೆ ಹೊಡೆಯೋ ಮಗುವನ್ನ ಒಮ್ಮೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಇನ್ನೊಂದು, ಹೆಂಗಸರ ಗೊರಕೆ. ಮುಟ್ಟು ನಿಂತ ಮೇಲೆ ಅವರಿಗೂ ಇದು ಹೆಚ್ಚಾಗುತ್ತೆ, ಆದರೆ ನಾಚಿಕೆಗೆ ಯಾರೂ ಬಾಯಿ ಬಿಡಲ್ಲ. ನೆಂಟರ ಮನೆ ಮದುವೆಯಲ್ಲಿ ಎಲ್ಲರ ಜೊತೆ ಚಾಪೆ ಹಾಸಿ ಮಲಗೋಕೆ ಹೆದರಿ ರಾತ್ರಿಯಿಡೀ ಗೋಡೆಗೊರಗಿ ಕೂತ ಅತ್ತೆಯೊಬ್ಬರನ್ನ ನಾನೇ ನೋಡಿದ್ದೇನೆ.

ದೊಡ್ಡಪ್ಪನ ವಿಷಯ ಬೆಳಕಿಗೆ ಬಂದಿದ್ದು ನಿವೃತ್ತಿಯಾದ ಮೇಲೆ. ಶಿವಮೊಗ್ಗಕ್ಕೆ ಸ್ಕೂಟರಲ್ಲಿ ಬರುವಾಗ ತೂಕಡಿಸಿ ರಸ್ತೆ ಪಕ್ಕದ ಚರಂಡಿಗೆ ಇಳಿದಿದ್ದರು. ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೇ. ಬ್ಯಾಂಡೇಜ್ ಕಟ್ಟಿದ ಡಾಕ್ಟರು ದೊಡ್ಡಮ್ಮನನ್ನ ಕೂರಿಸಿ "ರಾತ್ರಿ ಹೇಗೆ ಮಲಗ್ತಾರಮ್ಮ?" ಅಂತ ಕೇಳಿದರಂತೆ. ಮೂವತ್ತು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲಿಗರು ಅವರೇ! ಒಂದು ರಾತ್ರಿ ಮೈತುಂಬ ವೈರ್ ಹಾಕಿಸಿಕೊಂಡು ಮಲಗಿದಾಗ ಲೆಕ್ಕ ಸಿಕ್ಕಿತು, ಗಂಟೆಗೆ 41 ಸಲ. ದೊಡ್ಡಮ್ಮನ ಎಣಿಕೆ ಸುಳ್ಳಾಗಿರಲಿಲ್ಲ.

ಈಗ ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತುವ ಯಂತ್ರ ಬಂದಿದೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನೋ ವೈದ್ಯರು ಜಗತ್ತಿಗೆ ತೋರಿಸಿಕೊಟ್ಟಿದ್ದು. ಹತ್ತಾರು ಸಾವಿರ ರೂಪಾಯಿ ಆಗುತ್ತೆ, ಎಲ್ಲರ ಕೈಗೆಟುಕಲ್ಲ ಅನ್ನೋ ಬೇಸರ ನನಗಿದೆ. ಮೊದಲ ವಾರ ದೊಡ್ಡಪ್ಪ ಕಿತ್ತೆಸೆದರು, ಆಮೇಲೆ ಒಗ್ಗಿತು. ದೊಡ್ಡಮ್ಮನದ್ದು ಈಗ ಬೇರೆಯೇ ಚಿಂತೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಂತ್ರ ನಿಲ್ಲುತ್ತಲ್ಲ! ಮೊದಲ ಗುಡುಗು ಕೇಳುತ್ತಲೇ ಎದ್ದು ಇನ್ವರ್ಟರ್ ಬ್ಯಾಟರಿ ನೋಡಿ ಬರುತ್ತಾರೆ.