ಹಾಸ್ಟೆಲ್ ಬಿಡಿ, ವಿಮಾನ ನಿಲ್ದಾಣ ನೋಡಿ

ಮಣಿಪಾಲದಲ್ಲಿ ಗಾಂಜಾ ಸೇದಿದ ಹುಡುಗನೊಬ್ಬ ಸಿಕ್ಕಿಬಿದ್ದರೆ ಉಡುಪಿಯಿಂದ ಕಾರ್ಕಳದವರೆಗೆ ಒಂದೇ ಮಾತು: ಹೊರರಾಜ್ಯದ ಮಕ್ಕಳಿಂದ ಊರು ಹಾಳಾಯಿತು, ಪಿಜಿಗಳ ಮೇಲೆ ದಾಳಿ ಮಾಡಿ, ಪಬ್ ಮುಚ್ಚಿಸಿ. ಮಾಲು ಬರುವ ದಾರಿಯ ಬಗ್ಗೆ ಮಾತ್ರ ಯಾರಿಗೂ ಸಿಟ್ಟು ಬರುವುದಿಲ್ಲ.

2025ರ ಮಾರ್ಚ್‌ನಲ್ಲಿ ಮಂಗಳೂರಿನ ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಬಂಧಿಸಿದರು. ಟ್ರಾಲಿ ಬ್ಯಾಗ್‌ಗಳಲ್ಲಿ 37.87 ಕೆ.ಜಿ. ಎಂಡಿಎಂಎ ಎಂಬ ಮಾದಕ ವಸ್ತು, ಮೌಲ್ಯ 75 ಕೋಟಿ ರೂಪಾಯಿ. ದಿಲ್ಲಿಯಿಂದ ವಿಮಾನದಲ್ಲೇ ತಂದದ್ದು. ಒಂದೇ ವರ್ಷದಲ್ಲಿ ಅವರು ಮುಂಬೈಗೆ 37 ಸಲ, ಬೆಂಗಳೂರಿಗೆ 22 ಸಲ ಹಾರಿದ್ದಾರೆಂದು ಪೊಲೀಸರೇ ಹೇಳಿದರು. ಒಟ್ಟು 59 ಸಲ! ಕಾನೂನಿನಲ್ಲಿ ಎಂಡಿಎಂಎ 10 ಗ್ರಾಂ ಮೀರಿದರೇ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಜೈಲು. ಆ ಬ್ಯಾಗ್‌ಗಳಲ್ಲಿ ಇದ್ದದ್ದು ಆ ಮಿತಿಯ 3,787 ಪಟ್ಟು.

ಮಾದಕ ವಸ್ತು ವಿಮಾನದಲ್ಲಿ ಸಾಗುವುದು ಹೊಸದಲ್ಲ. ಹಿಂದೆ ಕೊಲಂಬಿಯಾದ ದಂಧೆಕೋರರು ಬಹಾಮಾಸ್‌ನ ನಾರ್ಮನ್ಸ್ ಕೇ ದ್ವೀಪವನ್ನೇ ನೆಲೆ ಮಾಡಿಕೊಂಡು ಪುಟ್ಟ ವಿಮಾನಗಳಲ್ಲಿ ಅಮೆರಿಕಕ್ಕೆ ಕೊಕೇನ್ ಸಾಗಿಸಿದ್ದರು. ನಮ್ಮಲ್ಲಿ ಸ್ವಂತ ವಿಮಾನ ಬೇಕಾಗಲಿಲ್ಲ, ಟಿಕೆಟ್ ಸಾಕಾಯಿತು. ದೇಶದೊಳಗಿನ ವಿಮಾನಕ್ಕೆ ಕಸ್ಟಮ್ಸ್ ತಪಾಸಣೆ ಇಲ್ಲ. ಸ್ಕ್ಯಾನರ್ ಮುಂದೆ ಕೂತವರು ಹುಡುಕುವುದು ಆಯುಧ, ಸ್ಫೋಟಕ. ಕತ್ತರಿಗೆ ಪ್ರಶ್ನೆ ಮಾಡುವ ವ್ಯವಸ್ಥೆಗೆ 37 ಕಿಲೋ ವಿಷ ಕಾಣಲಿಲ್ಲ. ಅದನ್ನು ಹಿಡಿದುಕೊಟ್ಟದ್ದು ಮಂಗಳೂರಿನ ಪಂಪ್‌ವೆಲ್‌ನಲ್ಲಿ 15 ಗ್ರಾಂ ಜೊತೆ ಸಿಕ್ಕವನ ಎಳೆ ಹಿಡಿದು ತಿಂಗಳುಗಟ್ಟಲೆ ಬೆನ್ನಟ್ಟಿದ ಪೊಲೀಸರು. ಅವರಿಗೆ ನಮಸ್ಕಾರ.

ಉಡುಪಿಯಲ್ಲಿ ನಡೆಯುವುದೇನು? ಹುಡುಗರನ್ನು ವೈದ್ಯಕೀಯ ಪರೀಕ್ಷೆಗೆ ಒಯ್ಯುವುದು, ಸೇವನೆಯ ಕೇಸು ಹಾಕುವುದು, ವಶಪಡಿಸಿಕೊಂಡ ಗಾಂಜಾವನ್ನು ಕಾಪು ತಾಲೂಕಿನ ನಂದಿಕೂರಿನಲ್ಲಿ ಸುಡುವುದು. 2023ರಲ್ಲಿ ಮಣಿಪಾಲದಲ್ಲಿ 42 ವಿದ್ಯಾರ್ಥಿಗಳು ಅಮಾನತಾದರು. ಆದರೆ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಸೇವನೆಯ ಕೇಸಿನ ವಿಚಾರಣೆಯಿಂದ ವಿನಾಯಿತಿ ಕೊಡುತ್ತದೆ. ಈ ಮಾತನ್ನು ಎಷ್ಟು ಹಾಸ್ಟೆಲ್‌ಗಳ ಗೋಡೆಯ ಮೇಲೆ ಬರೆದಿದ್ದಾರೆ?

ಇನ್ನು ಆ 'ಹೊರಗಿನವರು'. ಅವರ ಬಾಡಿಗೆಯಿಂದ ಮಣಿಪಾಲದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದವು, ಹೋಟೆಲು, ಆಟೊ, ಅಂಗಡಿ ಎಲ್ಲವೂ ನಡೆದವು. ಬಾಡಿಗೆ, ಅಡ್ವಾನ್ಸ್ ಎಣಿಸಿಕೊಳ್ಳುವಾಗ ನಮ್ಮವರಾಗಿದ್ದ ಮಕ್ಕಳು, ಒಬ್ಬ ದಾರಿ ತಪ್ಪಿದ ಕೂಡಲೇ ಎಲ್ಲರೂ ಅಪರಾಧಿಗಳಾಗುತ್ತಾರೆ. ಇದು ನಾಚಿಕೆಗೇಡು.

ಮಂಗಳೂರಿನ ಬಜ್ಪೆ ಸೇರಿದಂತೆ ಎಲ್ಲ ವಿಮಾನ ನಿಲ್ದಾಣಗಳಲ್ಲೂ ದೇಶದೊಳಗಿನ ಪ್ರಯಾಣಿಕರ ಲಗೇಜಿಗೆ ಮಾದಕ ವಸ್ತು ಪತ್ತೆಯ ಶ್ವಾನದಳ ಬರಬೇಕು. ಕರಾವಳಿಯ ಸಂಸದರು ಇದನ್ನು ಮುಂದಿನ ಅಧಿವೇಶನದಲ್ಲೇ ಕೇಳಲಿ. ಓದುಗರೇ, ಅವರು ನಿಮ್ಮೂರಿನ ಸಭೆಗೆ ಬಂದಾಗ ನೀವೂ ಕೇಳಿ: 59 ಸಲ ಹೇಗೆ ಹಾರಿದರು?