ಹೊಳಿ ಆಚೆ ನಡೆದದ್ದು, ಈಚೆ ನಿಂತು ನೋಡಿದ್ದು

ಎರಡನೇ ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಆರು ಜನ ಸೇರಿ ಒಂದೇ ಲ್ಯಾಪ್‌ಟಾಪ್‌ನಲ್ಲಿ ‘ಹೋಟೆಲ್ ರುವಾಂಡಾ’ ನೋಡಿದೆವು. ಕಾಮಿಡಿ ನೋಡೋಣ ಅಂತ ಕೂತವರು. ಯಾರದೋ ಪೆನ್‌ಡ್ರೈವ್‌ನಲ್ಲಿ ಇದಿತ್ತು, ಹಾಕಿಬಿಟ್ಟರು. ಅದರಲ್ಲಿ ಮಳೆಯ ಒಂದು ದೃಶ್ಯ ಬರುತ್ತದೆ. ಹೋಟೆಲಿನಲ್ಲಿದ್ದ ವಿದೇಶಿಯರನ್ನೆಲ್ಲ ಬಸ್ಸಿಗೆ ಹತ್ತಿಸಿಕೊಂಡು ಹೋಗುತ್ತಾರೆ, ರುವಾಂಡಾದವರು ಮಾತ್ರ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ. ಆಗ ನಮ್ಮಲ್ಲೊಬ್ಬ, ‘ಯುಎನ್‌ನವರ ಹತ್ರ ಗನ್ ಇತ್ತಲ್ಲ ಮಗಾ, ಯಾಕೆ ಸುಮ್ನೆ ನಿಂತ್ರು?’ ಅಂದ. ಮುಗಿದ ಮೇಲೆ ಅರ್ಧ ಗಂಟೆ ಎಲ್ಲರೂ ಸೇರಿ ಯುಎನ್‌ಗೆ, ಅಮೆರಿಕಕ್ಕೆ ಬೈದೆವು. ನಾನೂ ಬೈದೆ. ಆಮೇಲೆ ಮಲಗಿದೆವು.

ಭಾನುವಾರ ಮನೆಗೆ ಫೋನ್ ಮಾಡಿದಾಗ ಮುತ್ಯಾನಿಗೆ ಆ ಸಿನಿಮಾದ ಕಥೆ ಹೇಳಿದೆ. ಒಂದು ದೇಶದಲ್ಲಿ ಹೀಗೆ ಕೊಲೆ ನಡೆಯಿತು, ಜಗತ್ತೆಲ್ಲ ನೋಡುತ್ತಾ ನಿಂತಿತ್ತು ಅಂತ. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ‘ನಾವೂ ನಿಂತು ನೋಡೀವಲ್ಲ ತಮ್ಮಾ.’

ಆ ಮಾತಿನಿಂದ ಈ ಲೇಖನ ಹುಟ್ಟಿತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮೂರು ದೇವಣಗಾಂವ. ವಿಜಯಪುರ ಜಿಲ್ಲೆ, ಆಲಮೇಲದ ಹತ್ತಿರ, ಭೀಮಾ ಹೊಳಿ ದಂಡೆ ಮೇಲಿದೆ. ಸೇತುವೆ ದಾಟಿದರೆ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕು. ಎರಡೂ ಕಡೆ ಅದೇ ಕನ್ನಡ, ಅದೇ ಜೋಳದ ರೊಟ್ಟಿ, ಅದೇ ಬೀಗರು. ಆದರೆ ಆ ಕಡೆಯ ನನ್ನ ಗೆಳೆಯನಿಗೆ ಸಿಇಟಿಯಲ್ಲಿ 371ಜೆ ಕೋಟಾ ಇತ್ತು, ನನಗಿರಲಿಲ್ಲ. ಸೀಟ್ ಹಂಚಿಕೆ ಹೊತ್ತಲ್ಲಿ ಇದಕ್ಕೆ ಬಹಳ ಗೊಣಗಿದ್ದೆ. ಸೆಪ್ಟೆಂಬರ್ 17ಕ್ಕೆ ಅವನ ಶಾಲೆಯಲ್ಲಿ ಧ್ವಜ ಹಾರಿಸುತ್ತಿದ್ದರು, ನಮ್ಮಲ್ಲಿ ಅವತ್ತು ಮಾಮೂಲಿ ಕ್ಲಾಸು. ಹೊಳಿ ಮಧ್ಯೆ ಈ ಗೆರೆ ಎಳೆದವರು ಯಾರು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಗೆರೆ ಹಳೆಯದು. ಆ ಕಡೆ ನಿಜಾಮನ ಹೈದರಾಬಾದ್ ಸಂಸ್ಥಾನ. ನಮ್ಮ ಹಿರಿಯರು ಈಗಲೂ ಅದನ್ನ ‘ಮೊಗಲಾಯಿ’ ಅನ್ನುತ್ತಾರೆ. ಈ ಕಡೆ ಮುಂಬೈ ಪ್ರಾಂತ. 1947ರ ಆಗಸ್ಟ್ 15ಕ್ಕೆ ದೇವಣಗಾಂವಕ್ಕೆ ಸ್ವಾತಂತ್ರ್ಯ ಬಂತು, ಹೊಳಿ ಆಚೆಗೆ ಬರಲಿಲ್ಲ. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದು ಲೂಟಿ ಮಾಡಿದರು, ಮನೆ ಸುಟ್ಟರು, ಕೊಂದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಒಂದೇ ದಾಳಿಯಲ್ಲಿ ಇನ್ನೂರರಷ್ಟು ಜನ ಸತ್ತರು ಅಂತ ಆ ಭಾಗದವರು ಹೇಳುತ್ತಾರೆ. ಗಡಿಯ ಈಚೆ ಹೋರಾಟಗಾರರ ಶಿಬಿರಗಳು ಹುಟ್ಟಿಕೊಂಡವು. ಮುಂಡರಗಿ, ಗಜೇಂದ್ರಗಡದ ಶಿಬಿರಗಳ ಹೆಸರನ್ನ ನೀವೂ ಕೇಳಿರಬಹುದು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಹೋಯಿತು, 17ಕ್ಕೆ ನಿಜಾಮ ಶರಣಾದ. ನಮ್ಮ ಪಠ್ಯದಲ್ಲಿ ಇದೆಲ್ಲ ಎರಡು ಪ್ಯಾರಾ. ಎರಡು ಮಾರ್ಕ್ಸಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿದ್ದೆ.

ಮುತ್ಯಾನ ನೆನಪು ಪಠ್ಯದಲ್ಲಿಲ್ಲ. ಆಗ ಅವನಿಗೆ ಏಳೆಂಟು ವರ್ಷ. ಅವನ ಮಾತಲ್ಲೇ ಹೇಳುತ್ತೇನೆ: ‘ಮೊಗಲಾಯಿಂದ ಮಂದಿ ಗಂಟು ಕಟಗೊಂಡು ಹೊಳಿ ದಾಟಿ ಬರತಿದ್ರು. ನಮ್ಮ ದನದ ಕೊಟ್ಟಿಗ್ಯಾಗ ಎರಡು ಮನಿಯವ್ರು ಇದ್ರು. ನಮ್ಮವ್ವ ಅವರಿಗೂ ರೊಟ್ಟಿ ಬಡೀತಿದ್ಳು. ನಮ್ಮಪ್ಪ ಒಂದಿನಾನೂ ಬ್ಯಾಸರ ಮಾಡಕೊಳ್ಳಿಲ್ಲ.’

ಇಷ್ಟು ಕೇಳಿ ನನಗೆ ಹೆಮ್ಮೆ ಅನ್ನಿಸಿತು. ಸಿನಿಮಾದ ಹೋಟೆಲ್ ಮ್ಯಾನೇಜರ್ ಥರ ನಮ್ಮ ಮನೆಯಲ್ಲೂ ಒಬ್ಬ ಹೀರೋ ಇದ್ದ ಅಂದುಕೊಂಡೆ. ಆದರೆ ಮುತ್ಯಾ ಹೇಳೋದು ಇನ್ನೂ ಇತ್ತು.

‘ಪೊಲೀಸ್ ಆ್ಯಕ್ಷನ್ ಆದ ಮ್ಯಾಲ ಆ ಕಡಿ ಮುಸಲರ ಮ್ಯಾಲ ಬಿದ್ರು. ನಮ್ಮ ಮನಿ ಗಾದಿ ಹಿಂಜತಿದ್ದ ಪಿಂಜಾರ ಒಂದು ರಾತ್ರಿ ಹೆಂಡತಿ ಮಕ್ಕಳನ್ನ ಕರಕೊಂಡು ಬಂದ. ನಮ್ಮಪ್ಪ ಬಾಗಲಾ ಪೂರಾ ತಗೀಲಿಲ್ಲ. ರೊಟ್ಟಿ ಕೊಟ್ಟ. ಬೆಳಗಾಗೂದ್ರಾಗ ಹೋಗಿಬಿಡು, ಮಂದಿ ನೋಡಿದ್ರ ನನಗೂ ತ್ರಾಸ ಆಕ್ಕೈತಿ ಅಂದ. ಎಲ್ಲಿ ಹೋದ್ರೋ ಗೊತ್ತಿಲ್ಲ. ಮುಂದಿನ ವರ್ಷ ಗಾದಿ ಹಿಂಜಾಕ ಬ್ಯಾರೆ ಯಾರೋ ಬಂದ್ರು.’

ಎರಡು ಸಲವೂ ಬಾಗಿಲಲ್ಲಿ ನಿಂತಿದ್ದವನು ಒಬ್ಬನೇ ಮನುಷ್ಯ, ನಡುವೆ ಇದ್ದದ್ದು ಕೆಲವೇ ತಿಂಗಳು. ಕೆಟ್ಟವನಾಗಿದ್ದರೆ ಮೊದಲ ಸಲವೂ ಬಾಗಿಲು ತೆಗೆಯುತ್ತಿರಲಿಲ್ಲ. ಮೊದಲು ಬಂದವರನ್ನ ಕಾಪಾಡಿದಾಗ ಊರೆಲ್ಲ ಅವನ ಜೊತೆಗಿತ್ತು. ಎರಡನೇ ಸಲ ಊರಿಗೆ ಅವನು ಹೆದರಿದ.

ನಮ್ಮ ಹಿಸ್ಟರಿ ಪುಸ್ತಕ 17ಕ್ಕೆ ನಿಂತುಬಿಡುತ್ತದೆ. ಆಮೇಲೆ ನಡೆದದ್ದಕ್ಕೂ ದಾಖಲೆ ಇದೆ. ನೆಹರೂ ಸರ್ಕಾರವೇ ಪಂಡಿತ್ ಸುಂದರಲಾಲ್ ಮುಂದಾಳತ್ವದಲ್ಲಿ ಒಂದು ತಂಡ ಕಳಿಸಿತು. ಅವರು 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ ಜಿಲ್ಲೆಗಳನ್ನ ಸುತ್ತಿದರು. ಪೊಲೀಸ್ ಕಾರ್ಯಾಚರಣೆಯ ಹೊತ್ತಲ್ಲಿ ಮತ್ತು ಆಮೇಲೆ ಕಡಿಮೆ ಅಂದರೂ 27,000ದಿಂದ 40,000 ಜನ ಸತ್ತಿರಬಹುದು ಎಂದು ಬರೆದರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆ ಉಸ್ಮಾನಾಬಾದ್, ನಾಂದೇಡ್, ಬೀದರ್, ಗುಲ್ಬರ್ಗಾ. ಅಂದರೆ ನಮ್ಮ ಎದುರು ದಂಡೆ. ರಜಾಕಾರರ ಕ್ರೌರ್ಯವನ್ನೂ ಅವರು ಮುಚ್ಚಿಡಲಿಲ್ಲ. ಈ ಅಂಕಿಯನ್ನ ಒಪ್ಪದವರು ಇದ್ದಾರೆ, ಅದರ ಚರ್ಚೆ ನಡೆಯಲಿ. ಆದರೆ ವರದಿ ದಶಕಗಟ್ಟಲೆ ಜನರ ಕೈಗೇ ಸಿಗದಿದ್ದರೆ ಚರ್ಚೆ ಮಾಡೋದು ಹೇಗೆ? ದಿಲ್ಲಿಯ ನೆಹರೂ ಮೆಮೋರಿಯಲ್ ಗ್ರಂಥಾಲಯದಲ್ಲಿ ಅದು ನೋಡಲು ಸಿಗುತ್ತಿದೆ ಅನ್ನೋದು ದೊಡ್ಡ ಸುದ್ದಿಯಾದದ್ದೇ 2013ರಲ್ಲಿ.

ಇನ್ನೊಂದು ದಿನಾಂಕ ನೋಡಿ. ಆ ತಂಡ ಹಳ್ಳಿ ಸುತ್ತುತ್ತಿದ್ದಾಗಲೇ, 1948ರ ಡಿಸೆಂಬರ್ 9ರಂದು, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ನರಮೇಧದ ವಿರುದ್ಧದ ಒಪ್ಪಂದವನ್ನ ಅಂಗೀಕರಿಸಿತು. ‘ಜೆನೊಸೈಡ್’ ಅನ್ನೋ ಪದವನ್ನ ರಾಫೆಲ್ ಲೆಮ್‌ಕಿನ್ 1944ರಲ್ಲಿ ಹುಟ್ಟಿಸಿದ್ದ, ಅದಕ್ಕೆ ಆಗಿನ್ನೂ ನಾಲ್ಕು ವರ್ಷ. ನಮ್ಮ ಕಡೆ ನಡೆದದ್ದಕ್ಕೆ ಆ ಪದ ಸರಿಹೊಂದುತ್ತದೋ ಇಲ್ಲವೋ ಕಾನೂನು ಓದಿದವರು ಹೇಳಬೇಕು. ಆದರೆ ಪದದ ಜಗಳ ಹಿಡಿದು ಕೂತರೆ ಏನಾಗುತ್ತದೆ ಅನ್ನೋದಕ್ಕೆ ರುವಾಂಡಾನೇ ಸಾಕ್ಷಿ. 1994ರಲ್ಲಿ ಸುಮಾರು ನೂರು ದಿನದಲ್ಲಿ ಎಂಟು ಲಕ್ಷ ಜನ ಸತ್ತರು. ಅಮೆರಿಕ ಸರ್ಕಾರ ಆ ಪದ ಬಾಯಲ್ಲಿ ಬರದ ಹಾಗೆ ವಾರಗಟ್ಟಲೆ ತಪ್ಪಿಸಿಕೊಂಡಿತು. ವಿಶ್ವಸಂಸ್ಥೆ ಏಪ್ರಿಲ್ 21ರಂದು ಅಲ್ಲಿದ್ದ ತನ್ನ ಪಡೆಯನ್ನ ಸುಮಾರು 270 ಜನಕ್ಕೆ ಇಳಿಸಿತು.

ಈಗ ಸಿನಿಮಾಕ್ಕೆ ಬರುತ್ತೇನೆ. ಮುತ್ಯಾನ ಫೋನ್ ಆದ ಮೇಲೆ ಇಂಥ ಇನ್ನೂ ಮೂರು ಸಿನಿಮಾ ನೋಡಿದೆ.

‘ಹೋಟೆಲ್ ರುವಾಂಡಾ’ (2004) ನೋಡುವಾಗ ನಾವು ಕಾಪಾಡುವವನ ಪಕ್ಕದಲ್ಲೇ ಕೂತಿರುತ್ತೇವೆ. ಪೌಲ್ ರುಸೆಸಬಗಿನ 1,268 ಜನರನ್ನ ಹೋಟೆಲಿನಲ್ಲಿಟ್ಟುಕೊಂಡು ಉಳಿಸುತ್ತಾನೆ. ಅಲ್ಲಿ ನಿಜವಾಗಿ ಉಳಿದುಬಂದವರಲ್ಲೇ ಕೆಲವರು ಅವನ ಈ ಚಿತ್ರಣವನ್ನ ಒಪ್ಪುವುದಿಲ್ಲ. ಏನೇ ಇರಲಿ, ಮುಗಿದಾಗ ‘ನಾನಿದ್ದಿದ್ರೂ ಹಂಗೇ ಮಾಡ್ತಿದ್ದೆ’ ಅಂತ ನನಗೆ ಅನ್ನಿಸಿದ್ದು ನಿಜ. ತಪ್ಪೆಲ್ಲ ಜಗತ್ತಿನದು, ಆ ಜಗತ್ತಿನಲ್ಲಿ ನಾನಿಲ್ಲ.

‘ಶೂಟಿಂಗ್ ಡಾಗ್ಸ್’ (2005) ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ. ಅದು ನಡೆಯೋದು ಕಿಗಾಲಿಯ ಒಂದು ಟೆಕ್ನಿಕಲ್ ಶಾಲೆಯಲ್ಲಿ. ಸುಮಾರು ಎರಡು ಸಾವಿರ ಜನ ಅಲ್ಲಿ ಆಶ್ರಯ ಪಡೆದಿದ್ದರು. 1994ರ ಏಪ್ರಿಲ್ 11ರಂದು ಬೆಲ್ಜಿಯಂ ಸೈನಿಕರು ಟ್ರಕ್ ಹತ್ತಿ ಹೊರಟರು, ಉಳಿದವರಲ್ಲಿ ಹೆಚ್ಚಿನವರು ಸತ್ತರು. ಸಿನಿಮಾವನ್ನ ಅದೇ ಶಾಲೆಯಲ್ಲಿ, ಬದುಕುಳಿದವರನ್ನೂ ತಂಡದಲ್ಲಿ ಸೇರಿಸಿಕೊಂಡು ತೆಗೆದರು. ನಮ್ಮ ವರ್ಕ್‌ಶಾಪ್ ಬ್ಲಾಕ್‌ನಂಥದ್ದೇ ಕಟ್ಟಡ. ‘ಕ್ವೋ ವಾಡಿಸ್, ಐದಾ?’ (2020) ಬೋಸ್ನಿಯಾದ ಸ್ರೆಬ್ರೆನಿತ್ಸಾದ್ದು. ಅಲ್ಲಿ 1995ರ ಜುಲೈನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರು ಸತ್ತರು. ಯುಎನ್ ಕ್ಯಾಂಪಿನಲ್ಲಿ ಭಾಷಾಂತರಕಾರ್ತಿಯಾದ ಐದಾ ತನ್ನ ಗಂಡ, ಮಕ್ಕಳನ್ನ ಗೇಟಿನ ಒಳಗಿಟ್ಟುಕೊಳ್ಳಲು ಓಡಾಡುವುದೇ ಕಥೆ. ಈ ಎರಡರಲ್ಲೂ ಗೇಟು ಮುಚ್ಚುವವನ ಮುಖ ಕಾಣುತ್ತದೆ. ಅವನು ರಾಕ್ಷಸನಲ್ಲ. ಹೆದರಿದವನು, ಮೇಲಿನವರ ಆದೇಶ ಕೇಳುವವನು. ನನಗೆ ನಮ್ಮ ಮನೆ ಬಾಗಿಲು ನೆನಪಾಯಿತು.

ಮೂರನೆಯದು ನಮ್ಮದೇ ಕಥೆ. ತೆಲುಗಿನ ‘ರಜಾಕಾರ್’ (2024), ಹೆಸರಿನ ಜೊತೆ ‘ಹೈದರಾಬಾದಿನ ಮೌನ ನರಮೇಧ’ ಅನ್ನೋ ಅಡಿಬರಹವೂ ಇದೆ. ರಜಾಕಾರರ ಹಿಂಸೆಯನ್ನ ತೆರೆಗೆ ತಂದದ್ದೇ ತಪ್ಪು ಅಂತ ನಾನು ಹೇಳೋದಿಲ್ಲ. ಅದು ನಡೆದಿದೆ. ನಮ್ಮ ಕೊಟ್ಟಿಗೆಯಲ್ಲಿದ್ದ ಎರಡು ಮನೆಯವರು ಸುಮ್ಮನೆ ಬಂದವರಲ್ಲ. ನನ್ನ ತಕರಾರು ಅದು ಎಲ್ಲಿ ಮುಗಿಯುತ್ತದೆ ಅನ್ನೋದರ ಬಗ್ಗೆ. ಸೈನ್ಯ ಬಂತು, ಬಿಡುಗಡೆ ಆಯಿತು, ಚಪ್ಪಾಳೆ. ಪಿಂಜಾರ ನಮ್ಮ ಬಾಗಿಲಿಗೆ ಬಂದದ್ದು ಅದಾದ ಮೇಲೆ. ‘ಮೌನ’ ಅಂತ ಹೆಸರಿಟ್ಟುಕೊಂಡ ಸಿನಿಮಾನೇ ಅಲ್ಲಿ ಸುಮ್ಮನಾಗುತ್ತದೆ.

ಕ್ಲಬ್ಬಿನ ಗೆಳೆಯರ ಜೊತೆ ವಾದ ಮಾಡಿದಾಗ ಎರಡು ಆಕ್ಷೇಪ ಬಂದವು. ಒಂದು, ಎರಡೂವರೆ ಗಂಟೆಯಲ್ಲಿ ಎಲ್ಲಾ ತೋರಿಸೋಕಾಗಲ್ಲ. ಒಪ್ಪುತ್ತೇನೆ. ಒಂದು ಊರಿನ ಕಥೆ ಹೇಳುತ್ತೇನೆ ಅಂದರೆ ಅಷ್ಟೇ ಹೇಳಲಿ. ಇಡೀ ಸಂಸ್ಥಾನದ ನರಮೇಧದ ಕಥೆ ಅಂತ ಹೆಸರಿಟ್ಟರೆ ಇಡೀ ಲೆಕ್ಕ ಕೇಳುವ ಹಕ್ಕು ನೋಡುವವರಿಗಿದೆ. ಎರಡು, ಆಮೇಲಿನದನ್ನ ಎತ್ತಿದರೆ ಮೊದಲು ಸತ್ತವರ ನೋವು ಸಣ್ಣದಾಗುತ್ತದೆ. ಈ ಮಾತು ನನಗೂ ಚುಚ್ಚಿತು. ಆದರೆ ಮಲ್ಲಿಕಾರ್ಜುನ ಖರ್ಗೆಯವರನ್ನ ನೋಡಿ. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಅವರ ತಾಯಿ, ಸಹೋದರಿ ಸತ್ತರು. 2024ರಲ್ಲಿ ಇದು ಚುನಾವಣಾ ಭಾಷಣದ ವಿಷಯವಾದಾಗ ಅವರ ಮಗ ಪ್ರಿಯಾಂಕ್ ಖರ್ಗೆ, ಅದನ್ನ ಮಾಡಿದ್ದು ರಜಾಕಾರರು, ಇಡೀ ಮುಸ್ಲಿಂ ಸಮುದಾಯ ಅಲ್ಲ ಎಂಬರ್ಥದಲ್ಲಿ ಉತ್ತರ ಕೊಟ್ಟರು. ನಿಮಗೆ ಅವರ ಪಕ್ಷ ಇಷ್ಟವಿರಲಿ ಬಿಡಲಿ, ಅಷ್ಟು ಕಳೆದುಕೊಂಡ ಮನೆಯವರಿಗೆ ಆ ಎರಡನ್ನ ಬೇರೆ ಮಾಡಿ ನೋಡಲು ಆಗುತ್ತದೆ ಅಂದರೆ ಟಿಕೆಟ್ ತಗೊಂಡು ಕೂತ ನಮಗೆ ಯಾಕಾಗಲ್ಲ?

ಸುಂದರಲಾಲ್ ವರದಿಯಲ್ಲಿ ಇನ್ನೊಂದು ವಿಷಯ ಇದೆ. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನ ಕಾಪಾಡಲು ಅಡ್ಡ ನಿಂತರು, ಅದಕ್ಕಾಗಿ ಜೀವವನ್ನೂ ಕಳೆದುಕೊಂಡರು ಅಂತ. ಒಂದೇ ಕಸುಬಿನವರು ಅನ್ನೋ ನಂಟು ಅದು. ದಿಲ್ಲಿಯಿಂದ, ಪ್ಯಾರಿಸ್‌ನಿಂದ ಯಾರೂ ಅವರಿಗೆ ಆದೇಶ ಕಳಿಸಿರಲಿಲ್ಲ. ನಾನು ನೋಡಬೇಕು ಅಂತಿರೋ ಸಿನಿಮಾದಲ್ಲಿ ಆ ನೇಕಾರರೂ ಇರಬೇಕು, ಬಾಗಿಲು ಅರ್ಧ ತೆಗೆದ ನಮ್ಮ ಹಿರಿಯನೂ ಇರಬೇಕು. ಹಾಗಿದ್ದರೆ ‘ಜಗತ್ತು ಯಾಕೆ ಸುಮ್ನೆ ನಿಂತಿತು’ ಅಂತ ಕೇಳುವಾಗ ನಾವು ಯಾವ ಮನೆಯಲ್ಲಿ ಕೂತು ಕೇಳುತ್ತಿದ್ದೇವೆ ಅನ್ನೋದೂ ಕಾಣುತ್ತದೆ.

ದೊಡ್ಡ ಸಿನಿಮಾ ನಮ್ಮ ಕೈಯಲ್ಲಿಲ್ಲ. ಫೋನ್ ಇದೆ. ನಮ್ಮ ಕ್ಲಬ್ಬಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದವರು ಬೇಕಾದಷ್ಟು ಜನ ಇದ್ದೀರಿ. ಆಗ ಎಂಟು ವರ್ಷ ಇದ್ದವರಿಗೆ ಈಗ ಎಂಬತ್ತೈದು ದಾಟಿದೆ. ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ಒಂದು ಗಂಟೆ ಅವರ ಎದುರು ಕೂತು ರೆಕಾರ್ಡ್ ಮಾಡಿ. ರಜಾಕಾರರ ಕಾಲದಲ್ಲಿ ಏನಾಯಿತು ಅಂತ ಕೇಳಿ. ಅದು ಮುಗಿದ ಮೇಲೆ, ‘ಆಮ್ಯಾಲ?’ ಅಂತ ಇನ್ನೊಂದು ಪ್ರಶ್ನೆ ಕೇಳಿ. ಸುಮ್ಮನಾದರೆ ಒತ್ತಾಯ ಮಾಡಬೇಡಿ, ಕಾಯಿರಿ.

ನಾನು ಮುತ್ಯಾನನ್ನ ಕೇಳಿದ್ದೇನೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ, ‘ಯಾರು ಕೇಳಿದ್ರು?’ ಅಂದ. ರೆಕಾರ್ಡಿಂಗ್‌ಗೆ ಒಪ್ಪಿದ್ದಾನೆ. ಕಬ್ಬು ಕಡಿದಾದ ಮೇಲೆ ಬಾ ಅಂದಿದ್ದಾನೆ.